ಹಗ್ಗದ ಹಾದಿ

ಕೊಬ್ಲೆನ್ಸ್ ಊರಿನಲ್ಲಿ ಮಗನ ಮನೆಯಲ್ಲಿ ನಾನು ಒಂದು ವರ್ಷ ಇರಬೇಕಾಗಿ ಬಂತು. ಜರ್ಮನಿಯ ಪಶ್ಚಿಮ ಭಾಗದಲ್ಲಿ ಮೊಸೆಲ್ ನದಿ ಬಂದು ರೈನ್ ನದಿಯನ್ನು ಸೇರುವ ಸಂಗಮದ ಊರು ಅದು. ಕೆಲಸವಿಲ್ಲದ ಮುದುಕನನ್ನು ನಾಲ್ಕು ಗೋಡೆಗಳ ನಡುವೆ ಕೂರಿಸಿಕೊಂಡು ಏನು ಮಾಡುವುದೆಂದು ಯೋಚಿಸಿ, ಮಗ ಒಂದು ದಿನ ಯಾವುದೋ ವಿಹಾರ ಮಂಡಳಿಯ ಕರಪತ್ರ ತಂದು ನನ್ನ ಕೈಗಿತ್ತ. ದ್ರಾಕ್ಷಿಯ ನಾಡಿನಲ್ಲಿ ಬೆಳಿಗ್ಗೆ ಸೈಕಲ್ ಸವಾರಿ, ಮಧ್ಯಾಹ್ನ ಕಯಾಕಿನಲ್ಲಿ ಹೊಳೆಯ ವಿಹಾರ, ಸಂಜೆ ಬೆಳೆಗಾರನೊಬ್ಬನ ಅಂಗಳದಲ್ಲಿ ಊಟ. ಹತ್ತು ಹನ್ನೆರಡು ಮಂದಿಗೆ ಒಬ್ಬ ಮಾರ್ಗದರ್ಶಿ. ಋತುವಿಗೆ ಒಂದೊಂದು ಬಗೆಯ ಏರ್ಪಾಡು. "ಅಪ್ಪಾ, ಸೈಕಲ್ ತುಳಿಯುವುದನ್ನು ಮರೆತಿಲ್ಲ ತಾನೆ?" ಎಂದು ಕೇಳಿದ. ಮರೆತಿರಲಿಲ್ಲ. ಕಯಾಕನ್ನು ಮಾತ್ರ ಚಿತ್ರದಲ್ಲಲ್ಲದೆ ಕಂಡವನಲ್ಲ. ಅಂತೂ ಹೋದೆ. ಒಮ್ಮೆ ಹೋದವನು ನಾಲ್ಕು ಋತುಗಳಲ್ಲಿ ನಾಲ್ಕು ಸಲ ಹೋದೆ. ಹೋದದ್ದು ಮೋಜಿಗೆ, ತಿರುಗಿ ಬರುವಾಗ ಜೊತೆಯಲ್ಲಿ ಬಂದದ್ದು ಮಾತ್ರ ಸ್ವಲ್ಪ ಭಾರವಾದ ವಿಚಾರ. ಅದನ್ನು ಇಲ್ಲಿ ಇಳಿಸುತ್ತೇನೆ.

ಮೊದಲು ನಾಡಿನ ಸ್ವರೂಪವನ್ನು ಹೇಳಬೇಕು. ಮೊಸೆಲ್ ನದಿ ಹುಟ್ಟುವುದು ಫ್ರಾನ್ಸಿನ ವೋಝ್ ಬೆಟ್ಟಗಳಲ್ಲಿ. ಲಕ್ಸೆಂಬರ್ಗಿನ ಎಲ್ಲೆಯನ್ನು ಸವರಿಕೊಂಡು ಜರ್ಮನಿಯನ್ನು ಹೊಕ್ಕು, ಹಳೆಯ ಟ್ರಿಯರ್ ನಗರವನ್ನು ದಾಟಿ ಕೊಬ್ಲೆನ್ಸಿಗೆ ಬರುತ್ತದೆ. ಟ್ರಿಯರಿನಿಂದ ಕೊಬ್ಲೆನ್ಸಿಗೆ ಹಕ್ಕಿ ಹಾರಿದರೆ ನೂರು ಕಿಲೋಮೀಟರಿನ ಒಳಗೇ ಉಂಟು. ಹೊಳೆಗೆ ಅವಸರವಿಲ್ಲ, ಅದು ಸುತ್ತಿ ಸುತ್ತಿ ಸುಮಾರು 190 ಕಿಲೋಮೀಟರು ಹರಿಯುತ್ತದೆ. ಎರಡು ಮಗ್ಗುಲಿಗೂ ಸ್ಲೇಟು ಕಲ್ಲಿನ ಕಡಿದಾದ ಬೆಟ್ಟ. ನಾವು ಚಿಕ್ಕಂದಿನಲ್ಲಿ ಅಕ್ಷರ ತಿದ್ದಿದ ಸ್ಲೇಟು ಉಂಟಲ್ಲ, ಆ ಜಾತಿಯ ಕಲ್ಲೇ ಅಲ್ಲಿ ಚೂರುಚೂರಾಗಿ ಮಣ್ಣಿನ ಬದಲು ಹಾಸಿಕೊಂಡಿದೆ. ಐವತ್ತನೆಯ ಅಕ್ಷಾಂಶದ ಆ ಚಳಿಯ ಸೀಮೆಯಲ್ಲಿ ದ್ರಾಕ್ಷಿ ಹಣ್ಣಾಗುವುದೇ ಒಂದು ವಿಶೇಷ. ಹಗಲು ಬಿಸಿಲನ್ನು ಕುಡಿದ ಕಲ್ಲು ರಾತ್ರಿ ಅದನ್ನು ಬಳ್ಳಿಗೆ ಮರಳಿಸುತ್ತದೆ. ಹೊಳೆಯ ನೀರು ಬೆಳಕನ್ನು ಮೇಲಕ್ಕೆ ಎರಚುತ್ತದೆ. ಬೆಟ್ಟ ಕಡಿದಾಗಿರುವುದರಿಂದ ಸೂರ್ಯನ ಕಿರಣ ನೇರವಾಗಿ ಬಡಿಯುತ್ತದೆ. ಹೀಗೆ ಕಲ್ಲು, ನೀರು, ಇಳಿಜಾರು ಮೂರೂ ಕೂಡಿ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯನ್ನು ಸಾಕುತ್ತವೆ. ಬ್ರೆಮ್ ಎಂಬ ಹಳ್ಳಿಯ ಕಾಲ್ಮೊಂಟ್ ಬೆಟ್ಟದ ತೋಟ ಕೆಲವೆಡೆ ಅರುವತ್ತು ಡಿಗ್ರಿಗೂ ಮೀರಿ ಕಡಿದು. ಯೂರೋಪಿನಲ್ಲಿ ಅದಕ್ಕೆ ಸಮನಾದದ್ದು ಬಲು ವಿರಳ. ಅಲ್ಲಿ ಎತ್ತಾಗಲಿ ಟ್ರ್ಯಾಕ್ಟರಾಗಲಿ ನಿಲ್ಲಲಾರದು. ಮನುಷ್ಯ ಮಾತ್ರ ನಿಲ್ಲುತ್ತಾನೆ, ಅದೂ ಬಾಗಿಕೊಂಡು.

ವಸಂತದಲ್ಲಿ, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ನಮ್ಮ ಮೊದಲ ಸವಾರಿ. ಬಳ್ಳಿಗಳು ಇನ್ನೂ ಬೋಳು. ಅವುಗಳ ನಡುವೆ ಅಲ್ಲಲ್ಲಿ ಕೆಂಪು ತಿರುಳಿನ ಪೀಚ್ ಮರಗಳು ಎಲೆಯಿಲ್ಲದೆ ಗುಲಾಬಿ ಹೂ ಹೊತ್ತು ನಿಂತಿದ್ದವು. ನಮ್ಮ ಮಾರ್ಗದರ್ಶಿ ಇಪ್ಪತ್ತೈದು ಮೂವತ್ತರ ತರುಣ. ಬೆಳೆಗಾರರ ಮನೆಯ ಹುಡುಗ. ಗಡಿಯ ಪೆರ್ಲ್ ಎಂಬ ಊರಿನಿಂದ ಕೊಬ್ಲೆನ್ಸಿನವರೆಗೆ ಸುಮಾರು 240 ಕಿಲೋಮೀಟರು ಉದ್ದಕ್ಕೂ ಸೈಕಲ್ಲಿನವರಿಗೆಂದೇ ಗುರುತು ಮಾಡಿದ ದಾರಿ ಇದೆ, ಬಹುಪಾಲು ಚಪ್ಪಟೆ, ನನ್ನ ವಯಸ್ಸಿನವರಿಗೂ ಏದುಸಿರು ಬಾರದು. ಇಷ್ಟು ಕಡಿದಾದ ಬೆಟ್ಟಗಳ ಕಾಲಡಿಯಲ್ಲಿ ಇಷ್ಟು ಸಮನಾದ ದಾರಿಯನ್ನು ಸೈಕಲ್ಲಿನವರಿಗಾಗಿ ಯಾರು ಕಡಿದರು ಎಂದು ಕೇಳಿದೆ. "ಸೈಕಲ್ಲಿಗಾಗಿ ಯಾರೂ ಕಡಿಯಲಿಲ್ಲ, ಸ್ವಾಮಿ. ನಾವು ಈಗ ಹೋಗುತ್ತಿರುವುದು ಕುದುರೆಗಳ ಹಾದಿ" ಎಂದ.

ಜರ್ಮನ್ ಭಾಷೆಯಲ್ಲಿ ಅದಕ್ಕೆ 'ಲೈನ್‌ಪ್ಫಾಡ್' ಎಂದು ಹೆಸರು; ಹಗ್ಗದ ಹಾದಿ ಎಂದು ಅರ್ಥ. ಎಂಜಿನ್ ಇಲ್ಲದ ಕಾಲದಲ್ಲಿ ಸರಕು ತುಂಬಿದ ದೋಣಿ ಹೊಳೆಯ ಇಳಿಮುಖಕ್ಕೆ ತಾನಾಗಿ ತೇಲಿ ಬರುತ್ತಿತ್ತು. ಏರುಮುಖಕ್ಕೆ ಹೋಗಬೇಕಾದರೆ ದಂಡೆಯಿಂದ ಎಳೆಯಬೇಕು. ದೋಣಿಗೆ ಉದ್ದನೆಯ ಹಗ್ಗ ಬಿಗಿದು, ಹಗ್ಗವನ್ನು ಕುದುರೆಗಳಿಗೆ ಕಟ್ಟಿ, ಕುದುರೆಯ ಮಗ್ಗುಲಲ್ಲಿ ಆಳು ನಡೆದು, ಕೊಬ್ಲೆನ್ಸಿನಿಂದ ಟ್ರಿಯರಿನ ಕಡೆಗೆ ದಿನಗಟ್ಟಲೆ ಎಳೆಯುತ್ತಿದ್ದರು. ಹಾಗೆ ಎಳೆಸುವ ಕಸುಬಿನವರಿಗೆ 'ಹಾಲ್ಫೆನ್' ಎಂದು ಹೆಸರಿತ್ತು. ಪ್ರವಾಹದಲ್ಲಿ ದೋಣಿ ತಿರುಗಿದರೆ ಹಗ್ಗದೊಡನೆ ಕುದುರೆಯೂ ಹೊಳೆಗೆ ಬೀಳಬೇಕು. ಹತ್ತೊಂಬತ್ತನೆಯ ಶತಮಾನದ ನಡುಗಾಲಕ್ಕೆ ಹೊಗೆದೋಣಿ ಬಂತು; 1879ರಲ್ಲಿ ಕೊಬ್ಲೆನ್ಸಿನಿಂದ ಟ್ರಿಯರಿಗೆ ರೈಲು ಬಂತು; ಹಾಲ್ಫೆನ್ ಜನರ ಕಸುಬು ಹೋಯಿತು. ಹಾದಿ ಉಳಿಯಿತು.

ಆ ರೈಲಿನದೂ ಒಂದು ಕಥೆ. ಅದು ಹಾಕಿದ್ದು ಬೆಳೆಗಾರರಿಗಾಗಿ ಅಲ್ಲ. ಬರ್ಲಿನ್ನಿನಿಂದ ಮೆಟ್ಸ್ ಕೋಟೆಗೆ ಸೈನ್ಯ ಸಾಗಿಸಲು ಹಾಕಿದ ದಾರಿ. ಜನ ಅದನ್ನು ಫಿರಂಗಿ ರೈಲು ಎನ್ನುತ್ತಿದ್ದರು. ಬುಲ್ಲೈ ಎಂಬಲ್ಲಿ ಅದು ಹೊಳೆಯನ್ನು ಬಿಟ್ಟು ಬೆಟ್ಟದ ಆಚೆಗೆ ಹೋಗುತ್ತದೆ. ನಡುವಿನ ಹಳ್ಳಿಗಳ ಜನ ಬಹಳ ವರ್ಷ ಕಾದು, 1903ರಿಂದ 1905ರೊಳಗೆ ತಮ್ಮ ದಂಡೆಯ ಮೇಲೆ ಒಂದು ಪುಟ್ಟ ರೈಲನ್ನು ಹಾಕಿಸಿಕೊಂಡರು. ಟ್ರಿಯರಿನಿಂದ ಬುಲ್ಲೈಗೆ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಹಳ್ಳಿಹಳ್ಳಿಗೂ ನಿಲ್ಲುವ, ಹೀಪಾಯಿ ಹೊರುವ, ಒಳಗೆ ಕುಳಿತವರಿಗೆ ವೈನು ಹಂಚುವ ಆ ಗಾಡಿಯನ್ನು ಊರವರು ವಾತ್ಸಲ್ಯದಿಂದ 'ಕುಡುಕರ ರೈಲು' ಎಂದೇ ಕರೆದರು. ಲಾರಿ ಬಸ್ಸುಗಳ ಎದುರಿನಲ್ಲಿ ಅದು ಬಾಳಲಿಲ್ಲ. 1962ರಿಂದ 1968ರವರೆಗೆ ತುಂಡು ತುಂಡಾಗಿ ನಿಂತುಹೋಯಿತು. ಕಂಬಿ ಕಿತ್ತ ಜಾಗದ ಒಂದು ಭಾಗ ಮೋಟಾರು ರಸ್ತೆಯಾಯಿತು, ಒಂದು ಭಾಗ ಸೈಕಲ್ ದಾರಿಯಾಯಿತು. ನನ್ನ ಚಕ್ರದ ಕೆಳಗೆ ಬೆಳಿಗ್ಗೆ ಕುದುರೆಯ ಹಾದಿ, ಹತ್ತು ಗಂಟೆಗೆ ಕುಡುಕರ ರೈಲಿನ ಹಾದಿ! ಯಾವುದೂ ನನಗಾಗಿ ಮಾಡಿದ್ದಲ್ಲ; ಎರಡೂ ಒಬ್ಬೊಬ್ಬರು ದುಡಿದು ಬಿಟ್ಟುಹೋದ ಆಸ್ತಿ.

ಅಂದು ನಾವು ಊಟಕ್ಕೆ ನಿಂತದ್ದು ನೊಯ್ಮಾಗೆನ್ ಎಂಬ ಹಳ್ಳಿಯಲ್ಲಿ. ಅಲ್ಲಿ ಹಿಂದೆ ರೋಮನರ ಕೋಟೆಯಿತ್ತು. ಕೋಟೆಯ ಅಸ್ತಿಭಾರದಲ್ಲಿ ಹುದುಗಿದ್ದ ಕೆತ್ತನೆಯ ಕಲ್ಲುಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹೊರಬಂದವು. ಅವುಗಳಲ್ಲಿ ಒಂದು, ಕ್ರಿ.ಶ. 220ರ ಸುಮಾರಿನಲ್ಲಿ ವೈನ್ ವರ್ತಕನೊಬ್ಬನ ಸಮಾಧಿಯ ಮೇಲೆ ಇಟ್ಟಿದ್ದ ಕಲ್ಲಿನ ಹಡಗು. ಸಾಲಾಗಿ ಹುಟ್ಟುಗಳು, ನಡುವೆ ಹೀಪಾಯಿಗಳು, ಗಡ್ಡದ ಅಂಬಿಗರು. ಅವರಲ್ಲಿ ಒಬ್ಬನ ಮುಖದಲ್ಲಿ ಮಂದಹಾಸ. ಮೂಲಶಿಲ್ಪವನ್ನು ಟ್ರಿಯರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಅದರ ಮಾದರಿಯಲ್ಲಿ ಮರದ ಹಡಗೊಂದನ್ನು ಕಟ್ಟಿ 2007ರಲ್ಲಿ ಹೊಳೆಗೆ ಇಳಿಸಿದ್ದಾರೆ. ದುಡ್ಡು ಕೊಟ್ಟವರು ತಾವೇ ಹುಟ್ಟು ಹಾಕಬಹುದು! ಹಿಂದೆ ಆಳಿಗೆ ಕೂಲಿ ಕೊಟ್ಟು ಹಾಕಿಸುತ್ತಿದ್ದ ಹುಟ್ಟನ್ನು ಈಗ ಆಳೇ ದುಡ್ಡು ತೆತ್ತು ಹಾಕುತ್ತಾನೆ ಎಂದು ನಾನು ನಕ್ಕೆ. ಮಾರ್ಗದರ್ಶಿಯೂ ನಕ್ಕ, ಅವನು ನಕ್ಕದ್ದು ನನ್ನಷ್ಟು ಗಟ್ಟಿಯಾಗಿ ಅಲ್ಲ.

ಇದೇ ನೊಯ್ಮಾಗೆನ್ನಿಗೆ ಹದಿನಾರುವರೆ ಶತಮಾನಗಳ ಹಿಂದೆ ಒಬ್ಬ ಪ್ರವಾಸಿ ಬಂದಿದ್ದ. ಔಸೋನಿಯಸ್ ಎಂದು ಅವನ ಹೆಸರು. ಬೋರ್ಡೊ ಸೀಮೆಯ ಪಂಡಿತ. ಚಕ್ರವರ್ತಿ ವ್ಯಾಲೆಂಟಿನಿಯನ್ನನ ಮಗನಿಗೆ ಪಾಠ ಹೇಳುವ ಮೇಷ್ಟರು. ಆಗ ಚಕ್ರವರ್ತಿಯ ಬಿಡಾರ ಟ್ರಿಯರಿನಲ್ಲೇ ಇತ್ತು. ಕಾಡುಬೆಟ್ಟಗಳನ್ನು ದಾಟಿ ಬಂದವನಿಗೆ ಈ ಕಣಿವೆ ಕಣ್ಣಿಗೆ ಬಿದ್ದಾಗ ತನ್ನ ಊರೇ ಕಂಡಂತಾಯಿತು. ಕ್ರಿ.ಶ. 371ರ ಸುಮಾರಿನಲ್ಲಿ ಅವನು ಈ ಹೊಳೆಯ ಮೇಲೆ ಲ್ಯಾಟಿನ್ ಭಾಷೆಯಲ್ಲಿ 483 ಸಾಲುಗಳ ಕಾವ್ಯವನ್ನೇ ಬರೆದ. ಮೀನುಗಳ ಪಟ್ಟಿ, ದಂಡೆಯ ಸಿರಿವಂತರ ಮನೆಗಳು, ಸಂಜೆಯ ನೀರಿನಲ್ಲಿ ತಲೆಕೆಳಗಾಗಿ ತೂಗುವ ದ್ರಾಕ್ಷಿಯ ಬೆಟ್ಟ ಎಲ್ಲವೂ ಅದರಲ್ಲಿ ಉಂಟು. ಹುಡುಗರು ಪುಟ್ಟ ದೋಣಿಗಳಲ್ಲಿ ಕೇವಲ ಆಟಕ್ಕಾಗಿ ಒಬ್ಬರಿಗೊಬ್ಬರು ಎದುರು ನಿಂತು ಸೆಣಸುವುದನ್ನೂ ಅವನು ವರ್ಣಿಸಿದ್ದಾನೆ. ಮೊಸೆಲ್ ನದಿಯ ಮೇಲೆ ಮೋಜಿನ ದೋಣಿ ಹೊಸದಲ್ಲ ಎನ್ನುವುದಕ್ಕೆ ಅದು ಸಾಕ್ಷಿ. ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೊಂದು ಚಿತ್ರ. ದಂಡೆಯ ದಾರಿಹೋಕನೂ ದೋಣಿಯ ಅಂಬಿಗನೂ ಕೆಳಗಿನಿಂದ ತಲೆಯೆತ್ತಿ, ಬೆಟ್ಟದ ಮೇಲೆ ಹೊತ್ತು ಮೀರಿ ದುಡಿಯುತ್ತಿರುವ ಆಳುಗಳನ್ನು ಹಾಸ್ಯ ಮಾಡಿ ಕೂಗುತ್ತಾರೆ. ಬಂಡೆಯೂ ಕಾಡೂ ಹೊಳೆಯೂ ಆ ಕೂಗಿಗೆ ಮಾರ್ದನಿ ಕೊಡುತ್ತವೆ. ಆಗಲೇ ಇಬ್ಬಗೆಯ ಜನ ಇದ್ದರೆಂದಾಯಿತು: ಕೆಳಗೆ ಹಾದುಹೋಗುವವರು, ಮೇಲೆ ದುಡಿಯುವವರು. ಅವರ ನಡುವೆ ಮಾತಿತ್ತು.

ಎರಡನೆಯ ಸಲ ಹೋದದ್ದು ಜುಲೈ ತಿಂಗಳಿನಲ್ಲಿ. ಆಗಲೇ ನನಗೆ ಕಯಾಕಿನ ದೀಕ್ಷೆಯಾದದ್ದು. ಒಬ್ಬರೋ ಇಬ್ಬರೋ ಕಾಲು ಚಾಚಿ ಕೂರುವಷ್ಟು ಇಕ್ಕಟ್ಟಾದ, ಎರಡು ತುದಿಯೂ ಚೂಪಾದ ಹಗುರ ದೋಣಿ ಅದು. ಹುಟ್ಟು ಒಂದೇ, ಅಲಗು ಎರಡು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಬೇಕು. ಅದನ್ನು ಕಂಡುಹಿಡಿದವರು ಹಿಮಸಾಗರದ ಇನ್ಯುಯಿಟ್ ಜನ. ಕಡಲಿನಲ್ಲಿ ತೇಲಿ ಬಂದ ಮರ, ಪ್ರಾಣಿಗಳ ಮೂಳೆ ಇವುಗಳಿಂದ ಚೌಕಟ್ಟು ಮಾಡಿ, ಮೇಲೆ ಸೀಲ್ ಪ್ರಾಣಿಯ ಚರ್ಮವನ್ನು ಹೊಲಿದು ಬೇಟೆಗೆ ಹೋಗುತ್ತಿದ್ದರು. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ನಮ್ಮ ತುಂಗಭದ್ರೆಯ ಹರಿಗೋಲು ನನಗೆ ನೆನಪಾಯಿತು. ಹಸಿವಿನವರ ಬುದ್ಧಿ ಎಲ್ಲೆಡೆಯೂ ಒಂದೇ ದಾರಿ ಹಿಡಿಯುತ್ತದೆ. ಬೇಟೆಯ ದೋಣಿ ವಿಹಾರದ ದೋಣಿಯಾದದ್ದು ಈಚೆಗೆ. ಜಾನ್ ಮ್ಯಾಕ್‌ಗ್ರೆಗರ್ ಎಂಬ ಸ್ಕಾಟ್ ಮನೆತನದ ವಕೀಲ 1865ರಲ್ಲಿ ಅಂಥದೊಂದು ಮರದ ದೋಣಿಯನ್ನು ಮಾಡಿಸಿ, ರೈಲಿನಲ್ಲೂ ಗಾಡಿಯಲ್ಲೂ ಹೇರಿಕೊಂಡು ಯೂರೋಪಿನ ಹೊಳೆಗಳನ್ನೆಲ್ಲ ಸುತ್ತಿದ. ಮೊಸೆಲ್ ನದಿಯ ಮೇಲ್ಭಾಗದಲ್ಲೂ ಹುಟ್ಟು ಹಾಕಿದ. ಮರುವರ್ಷ ಅವನು ಬರೆದ ಪುಸ್ತಕ ಬಹಳ ಮಂದಿಗೆ ಹುಚ್ಚು ಹಿಡಿಸಿತು.

ಆದರೆ ಮರದ ದೋಣಿ ಮಾಡಿಸುವ ಶಕ್ತಿ ವಕೀಲನಿಗೆ ಉಂಟು, ಗುಮಾಸ್ತೆಗೆ ಇಲ್ಲ. ಗುಮಾಸ್ತೆಯ ಕೈಗೆ ಹೊಳೆಯನ್ನು ತಂದುಕೊಟ್ಟವನು ಆಲ್ಫ್ರೆಡ್ ಹೊಯ್ರಿಷ್ ಎಂಬ ವಿದ್ಯಾರ್ಥಿ. 1905ರಲ್ಲಿ ಮ್ಯೂನಿಕ್ಕಿನಲ್ಲಿ ಕಟ್ಟಡಶಿಲ್ಪ ಓದುತ್ತಿದ್ದ ಅವನು ಬಿಡಿಸಿ ಮಡಿಸಿ ಚೀಲದಲ್ಲಿ ಹೊರಬಹುದಾದ ದೋಣಿಯನ್ನು ಮಾಡಿದ. 1907ರಲ್ಲಿ ಅದನ್ನು ತಯಾರಿಸುವ ಹಕ್ಕನ್ನು ಕೊಂಡವನು ಯೋಹಾನ್ ಕ್ಲೆಪ್ಪರ್, ರೋಸನ್‌ಹೈಮ್ ಊರಿನ ಒಬ್ಬ ದರ್ಜಿ. ಬಟ್ಟೆ ಹೊಲಿಯುವವನೇ ದೋಣಿ ಹೊಲಿದ! ಮೊದಲ ಮಹಾಯುದ್ಧದ ಮುಂದಿನ ವರ್ಷಗಳಲ್ಲಿ ಭಾನುವಾರ ಬಂತೆಂದರೆ ಬೆನ್ನ ಮೇಲೆ ದೋಣಿಯ ಚೀಲ ಹೊತ್ತ ಸಾವಿರಾರು ಜನ ರೈಲು ಹತ್ತಿ ಹೊಳೆಗಳ ಕಡೆಗೆ ಹೊರಟರು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಮಡಿಸುವ ದೋಣಿಗೂ ಪಂದ್ಯವಿತ್ತು. ವಾರವೆಲ್ಲ ಮೇಜಿನ ಮುಂದೆ ಕುಳಿತವನಿಗೆ ಒಂದು ದಿನವಾದರೂ ನೀರು ದೊರೆಯಿತೆಂದರೆ ಅದೇನು ಸಣ್ಣ ಸಂಗತಿಯೆ? ನಾನೂ ಗುಮಾಸ್ತೆಗಿರಿಯಲ್ಲಿ ಆಯುಸ್ಸು ಸವೆಸಿದವನೇ. ಮೋಜನ್ನು ಹಳಿಯುವ ಅಧಿಕಾರ ನನಗಿಲ್ಲ.

ಹುಟ್ಟು ಹಾಕುತ್ತ ಹೋದಂತೆ ಒಂದು ವಿಚಿತ್ರ ಕಂಡಿತು: ಹೊಳೆ ಹರಿಯುತ್ತಲೇ ಇಲ್ಲವೇನೋ ಎನ್ನುವಷ್ಟು ಶಾಂತ. ಇದೂ ಮನುಷ್ಯ ಮಾಡಿದ್ದೇ. ಹಿಂದೆ ಬೇಸಗೆಯಲ್ಲಿ ಮೊಸೆಲ್ ತೆಳುವಾಗಿ, ದೊಡ್ಡ ದೋಣಿಯ ತಳ ನೆಲಕ್ಕೆ ತಾಗುತ್ತಿತ್ತು. ಫ್ರಾನ್ಸಿನ ಲೊರೇನ್ ಸೀಮೆಯಲ್ಲಿ ಕಬ್ಬಿಣದ ಅದಿರಿತ್ತು. ಅದನ್ನು ಕಾಯಿಸಲು ಜರ್ಮನಿಯ ಕಲ್ಲಿದ್ದಲು ಬೇಕಿತ್ತು. ಎರಡು ಮಹಾಯುದ್ಧಗಳಲ್ಲಿ ಒಬ್ಬರನ್ನೊಬ್ಬರು ಕೊಂದ ಎರಡು ದೇಶಗಳೂ ಲಕ್ಸೆಂಬರ್ಗೂ ಸೇರಿ 1956ರ ಅಕ್ಟೋಬರ್ 27ರಂದು ಹೊಳೆಯನ್ನು ಹಡಗಿನ ದಾರಿಯಾಗಿ ಮಾಡುವ ಕರಾರಿಗೆ ರುಜು ಹಾಕಿದವು. ಬಹುಕಾಲದಿಂದ ಕಗ್ಗಂಟಾಗಿದ್ದ ಸಾರ್ ಪ್ರಾಂತದ ವಿವಾದವನ್ನೂ ಅದೇ ದಿನ ಬಿಡಿಸಿಕೊಂಡವು. ಕೊಬ್ಲೆನ್ಸಿನಿಂದ ಟ್ರಿಯರಿನವರೆಗೆ ಈಗ ಹತ್ತು ಕಡೆ ಅಡ್ಡಕಟ್ಟೆಗಳಿವೆ; ಕಟ್ಟೆಯ ಪಕ್ಕದಲ್ಲಿ ಹಡಗನ್ನು ಮೆಟ್ಟಲು ಹತ್ತಿಸಿದಂತೆ ಏರಿಸಿ ಇಳಿಸುವ ನೀರಿನ ತೊಟ್ಟಿ, ಅದಕ್ಕೆ ಎರಡು ಬಾಗಿಲು. 1964ರ ಮೇ 26ರಂದು ಫ್ರಾನ್ಸಿನ ಅಧ್ಯಕ್ಷ ದ ಗಾಲ್, ಜರ್ಮನಿಯ ಅಧ್ಯಕ್ಷ ಲ್ಯೂಬ್ಕೆ, ಲಕ್ಸೆಂಬರ್ಗಿನ ಗ್ರ್ಯಾಂಡ್ ಡಚೆಸ್ ಷಾರ್ಲೊಟ್ ಮೂವರೂ ಒಟ್ಟಿಗೆ ಪ್ರಾರಂಭೋತ್ಸವ ನಡೆಸಿದರು. ದಂಡೆಯ ಎಷ್ಟೋ ನೆಲ ಮುಳುಗಿತು. ಹರಿವ ಹೊಳೆ ಕೆರೆಗಳ ಸರವಾಯಿತು. ಲೊರೇನಿನ ಕುಲುಮೆಗಳು ಒಂದೊಂದಾಗಿ ಆರಿ, ಫ್ಲೊರಾಂಜ್ ಊರಿನ ಕೊನೆಯ ಊದುಕುಲುಮೆಗಳೂ 2011ರಲ್ಲಿ ತಣ್ಣಗಾದವು. ಕಬ್ಬಿಣಕ್ಕಾಗಿ ತಡೆದ ನೀರಿನ ಮೇಲೆ ಈಗ ನಮ್ಮಂಥವರ ಕಯಾಕು ತೇಲುತ್ತದೆ. ಸರಕಿನ ಹಡಗುಗಳೂ ಇಲ್ಲದಿಲ್ಲ. 2024ರ ಡಿಸೆಂಬರ್ 8ರಂದು ಹಡಗೊಂದು ಮ್ಯೂಡೆನ್ ಕಟ್ಟೆಯ ಬಾಗಿಲಿಗೆ ಢಿಕ್ಕಿ ಹೊಡೆದು, ಅದನ್ನು ಸರಿಪಡಿಸುವವರೆಗೆ ವಾರಗಟ್ಟಲೆ ಹಡಗುಗಳ ಸಾಲು ಮೇಲುಗಡೆ ಸಿಕ್ಕಿಕೊಂಡಿತ್ತು.

ಮೂರನೆಯ ಪ್ರವಾಸ ಅಕ್ಟೋಬರಿನ ಸುಗ್ಗಿಯಲ್ಲಿ. ಬೆಟ್ಟಕ್ಕೆ ಬೆಟ್ಟವೇ ಅರಿಸಿನ ಬಳಿದುಕೊಂಡಿತ್ತು. ಊರೂರಲ್ಲೂ ಹುಳಿ ಹಿಡಿಯುತ್ತಿರುವ ಎಳೆಯ ವೈನಿನ ಕಂಪು. ಅದರ ಜೊತೆಗೆ ತಿನ್ನಲು ಈರುಳ್ಳಿಯ ಕಡುಬು. ಸುಗ್ಗಿಯ ಹಿಂದಿನ ಗೋಳನ್ನು ಪ್ರವಾಸದ ಕರಪತ್ರ ಹೇಳುವುದಿಲ್ಲ, ಚರಿತ್ರೆ ಹೇಳುತ್ತದೆ. 1815ರಲ್ಲಿ ಈ ಸೀಮೆ ಪ್ರಷ್ಯಾಕ್ಕೆ ಸೇರಿದಾಗ ಹೊರಗಿನ ವೈನಿಗೆ ಸುಂಕವಿದ್ದದ್ದರಿಂದ ಬೆಳೆಗಾರರು ಕೆಲವು ಕಾಲ ಚೆನ್ನಾಗಿ ಬಾಳಿದರು. ಸಾಲ ಮಾಡಿ ತೋಟ ಹೆಚ್ಚಿಸಿದರು. 1834ರಲ್ಲಿ ಜರ್ಮನ್ ಸಂಸ್ಥಾನಗಳ ಸುಂಕದ ಒಕ್ಕೂಟವಾಯಿತು. ದಕ್ಷಿಣದ ಅಗ್ಗದ ವೈನು ಹರಿದುಬಂತು. ಸಾಲ ಮಾತ್ರ ಉಳಿಯಿತು. ಟ್ರಿಯರಿನಲ್ಲಿ ಹುಟ್ಟಿದ ಒಬ್ಬ ಇಪ್ಪತ್ತನಾಲ್ಕರ ತರುಣ ಆಗ ಕಲೋನ್ ನಗರದ ಪತ್ರಿಕೆಯೊಂದರ ಸಂಪಾದಕನಾಗಿದ್ದ. ಮೊಸೆಲ್ ಬೆಳೆಗಾರರ ಸಂಕಟದ ಬಗೆಗೆ ಅದರಲ್ಲಿ ಬಂದ ವರದಿಯನ್ನು ಪ್ರಾಂತಾಧಿಕಾರಿ ಅಲ್ಲಗಳೆದಾಗ, 1843ರ ಜನವರಿಯಲ್ಲಿ ಆ ಸಂಪಾದಕ ತಾನೇ ಲೇಖನಮಾಲೆ ಬರೆದು ಉತ್ತರ ಕೊಟ್ಟ. ಗೋಳು ನಿಜವೆಂದೂ, ಆಡಳಿತ ತನ್ನ ತಪ್ಪನ್ನು ತಾನೇ ಕಾಣಲಾರದೆಂದೂ ವಾದಿಸಿದ. ಸರ್ಕಾರ ಆ ಪತ್ರಿಕೆಯನ್ನು ಅದೇ ವರ್ಷ ಮಾರ್ಚ್ ಕೊನೆಗೆ ಮುಚ್ಚಿಸಿತು. ಸಂಪಾದಕನ ಹೆಸರು ಕಾರ್ಲ್ ಮಾರ್ಕ್ಸ್. ಕಟ್ಟಿಗೆ ಕಳವಿನ ಕಾನೂನೂ ಮೊಸೆಲ್ ರೈತರ ಬವಣೆಯೂ ತನ್ನನ್ನು ಅರ್ಥಶಾಸ್ತ್ರದ ಕಡೆಗೆ ತಿರುಗಿಸಿದವೆಂದು ಅವನು ಮುಂದೆ ಒಪ್ಪಿಕೊಂಡಿದ್ದಾನೆ. ಜಗತ್ತನ್ನು ಅಲುಗಿಸಿದ ಒಂದು ವಿಚಾರದ ಬೇರಿಗೆ ಈ ಬೆಟ್ಟದ ಸ್ಲೇಟು ಕಲ್ಲೂ ತಾಗಿತ್ತೆಂದರೆ ಅತಿಶಯವಲ್ಲ.

ಎಂಬತ್ತು ವರ್ಷಗಳ ಅನಂತರವೂ ಸಂಕಟ ತೀರಲಿಲ್ಲ. 1926ರ ಫೆಬ್ರುವರಿ 25ರಂದು ಬೆರ್ನ್‌ಕಾಸ್ಟೆಲ್ ಊರಿನಲ್ಲಿ ಬೆಳೆಗಾರರು ಸಾವಿರಗಟ್ಟಲೆ ಸೇರಿ ತೆರಿಗೆ ಕಚೇರಿಗೆ ನುಗ್ಗಿ, ಕಡತಗಳನ್ನು ಬೀದಿಗೆಸೆದು ಸುಟ್ಟರು. ವೈನಿನ ಮೇಲಿನ ತೆರಿಗೆ ಅದೇ ವರ್ಷ ರದ್ದಾಯಿತು. 1933ರಲ್ಲಿ ಹಿಟ್ಲರನ ಪಕ್ಷ ಅಧಿಕಾರಕ್ಕೆ ಬಂದ ಮೇಲೆ ಈ ವ್ಯಾಪಾರದ ಬೆನ್ನೆಲುಬಾಗಿದ್ದ ಯಹೂದಿ ವರ್ತಕರನ್ನು ಕಸುಬಿನಿಂದ ಓಡಿಸಲಾಯಿತು. ಓಡಿಹೋಗಲಾರದವರ ಗತಿ ಏನಾಯಿತೆಂಬುದನ್ನು ಲೋಕ ಬಲ್ಲದು. ಮಾರುವವರಿಲ್ಲದೆ ವೈನು ನೆಲಮಾಳಿಗೆಯಲ್ಲಿ ಉಳಿದಾಗ, ಅದೇ ಸರ್ಕಾರ 1935ರಲ್ಲಿ ಒಂದೊಂದು ನಗರಕ್ಕೆ ಒಂದೊಂದು ದ್ರಾಕ್ಷಿಯ ಊರನ್ನು ದತ್ತು ಕೊಟ್ಟು ವೈನು ಕುಡಿಸಿತು. ತನ್ನ ವಿಹಾರ ಸಂಸ್ಥೆಯ ಮೂಲಕ ಕಾರ್ಮಿಕರನ್ನು ತಂಡ ತಂಡವಾಗಿ ಪ್ರವಾಸಕ್ಕೆ ಕಳುಹಿಸಿತು. ನಗುನಗುತ್ತ ಹಾಡುತ್ತ ಬಂದ ಆ ಪ್ರವಾಸಿಗಳಲ್ಲಿ ಎಷ್ಟು ಮಂದಿ, ಬೀಗ ಹಾಕಿದ ವರ್ತಕನ ಮನೆಯ ಮುಂದೆ ನಿಂತು, ಇಲ್ಲಿದ್ದವರು ಎಲ್ಲಿ ಹೋದರು ಎಂದು ಕೇಳಿದರೊ! ಹಾದುಹೋಗುವವನಿಗೆ ಕೇಳದೆ ಇರುವ ಅನುಕೂಲ ಯಾವಾಗಲೂ ಉಂಟು. ಅಂದಿನಿಂದ ನಾನು ಪ್ರವಾಸದಲ್ಲಿ ಸ್ವಲ್ಪ ಹೆಚ್ಚು ಕೇಳಲು ತೊಡಗಿದೆ.

ಅಂದು ಮಧ್ಯಾಹ್ನ ನಮ್ಮ ಕಯಾಕುಗಳು ಒಂದು ಕಡಿದಾದ ತೋಟದ ಕೆಳಗೆ ಹಾದುಹೋಗುತ್ತಿದ್ದವು. ಬೆಟ್ಟದ ಮೇಲೆ ಹತ್ತು ಹದಿನೈದು ಮಂದಿ ಬಾಗಿಕೊಂಡು ಗೊಂಚಲು ಕತ್ತರಿಸುತ್ತಿದ್ದರು. ಒಂದೇ ಕಂಬಿಯ ಮೇಲೆ ಹಲ್ಲುಚಕ್ರದಿಂದ ತೆವಳುವ ಪುಟ್ಟ ಗಾಡಿಯೊಂದು ಬುಟ್ಟಿಗಳನ್ನು ಹೊತ್ತು ಏರುತ್ತಿತ್ತು. ಹಿಂದೆ ಸುಗ್ಗಿಗೆ ಊರವರೂ ನೆಂಟರೂ ಸಾಕಾಗುತ್ತಿದ್ದರು. 1990ರಿಂದ ಈಚೆಗೆ ಪೋಲೆಂಡಿನಿಂದ, ಆ ಮೇಲೆ ರುಮೇನಿಯದಿಂದ ಆಳುಗಳು ಬರುತ್ತಾರೆ. ಅವರಲ್ಲಿ ಒಬ್ಬ ಹೆಂಗಸು ಸೊಂಟ ನೆಟ್ಟಗೆ ಮಾಡಿ, ನಮ್ಮ ಕಡೆಗೆ ಕತ್ತರಿ ಬೀಸಿ ಏನೋ ಕೂಗಿದಳು. ಮೇಲಿನವರೆಲ್ಲ ನಕ್ಕರು, ನಗು ಬೆಟ್ಟದಿಂದ ಬೆಟ್ಟಕ್ಕೆ ಹಾರಿತು. ಏನೆಂದಳು ಎಂದು ಮಾರ್ಗದರ್ಶಿಯನ್ನು ಕೇಳಿದೆ. "ಕೈ ನೋಯುವ ಹಾಗೆ ದುಡಿಯುವ ಆಸೆ ಅಷ್ಟಿದ್ದರೆ ಮೇಲೆ ಬನ್ನಿ, ಇಲ್ಲಿ ಕೂಲಿಯಾದರೂ ಸಿಗುತ್ತದೆ ಎನ್ನುತ್ತಾಳೆ" ಎಂದ. ನನಗೆ ತಟ್ಟನೆ ಔಸೋನಿಯಸ್ ನೆನಪಾದ. ಅವನ ಕಾಲದಲ್ಲಿ ಹಾಸ್ಯ ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು. ಈಗ ಮೇಲಿನಿಂದ ಕೆಳಕ್ಕೆ ಬಂತು. ಬಾಕಿ ತೀರಿತು ಎಂದುಕೊಂಡೆ.

ಸಂಜೆ ಉಂಡದ್ದು ಒಬ್ಬ ಬೆಳೆಗಾರನ ಅಂಗಳದಲ್ಲಿ. ಬಾಗಿಲಿಗೆ ಪೊರಕೆಯನ್ನೋ ಹಸಿರು ಗೊಂಚಲನ್ನೋ ತೂಗುಹಾಕಿದರೆ ಇಲ್ಲಿ ವೈನುಂಟು ಎಂದು ಅರ್ಥ. ವರ್ಷಕ್ಕೆ ನಾಲ್ಕು ತಿಂಗಳು ಮೀರದಂತೆ, ನಲವತ್ತು ಆಸನ ಮೀರದಂತೆ, ತಾನು ಬೆಳೆದದ್ದನ್ನು ಮಾತ್ರ ಅವನು ಮಾರಬಹುದು. ಕುಡಿತದ ವಕಾಲತ್ತು ವಹಿಸುವವನು ನಾನಲ್ಲ. ದ್ರಾಕ್ಷಿಯ ರಸವನ್ನು ಹುಳಿಗಟ್ಟುವ ಮೊದಲೇ ಒಂದು ಲೋಟ ಕೊಡೆಂದು ಕೇಳಿ ಪಡೆದೆ. ಮಾರ್ಗದರ್ಶಿಯ ಮಾತು ಅಲ್ಲಿ ಸಲೀಸಾಯಿತು. ಅವನ ಅಪ್ಪನಿಗೆ ಎರಡು ತುಂಡು ಕಡಿದಾದ ತೋಟವಿತ್ತು; ಮಂಡಿ ಹೋದ ಮೇಲೆ ಒಂದನ್ನು ಪಾಳು ಬಿಟ್ಟರು. ಸಮನೆಲದಲ್ಲಿ ಯಂತ್ರ ಮಾಡುವ ಕೆಲಸಕ್ಕೆ ಇಲ್ಲಿ ಹಲವು ಪಟ್ಟು ಮನುಷ್ಯರ ಗಂಟೆಗಳು ಬೇಕು. ಅಂಗಡಿಯ ಸಾಲಿನಲ್ಲಿ ಮಾತ್ರ ಎರಡು ಸೀಸೆಗಳೂ ಒಟ್ಟಿಗೆ ನಿಲ್ಲುತ್ತವೆ. "ಜನ ಬೆಟ್ಟ ನೋಡುವುದಕ್ಕೆ ಬರುತ್ತಾರೆ. ಸೈಕಲ್ ಬಾಡಿಗೆ ಕೊಡುತ್ತಾರೆ, ಕೋಣೆ ಬಾಡಿಗೆ ಕೊಡುತ್ತಾರೆ. ನೋಡಿದ್ದಕ್ಕೆ ಬಳ್ಳಿಗೆ ಯಾರೂ ಬಾಡಿಗೆ ಕೊಡುವುದಿಲ್ಲ" ಎಂದ.

ನಾಲ್ಕನೆಯ ಸಲ ಜನವರಿ. ಚಳಿಗಾಲದಲ್ಲಿ ಕಯಾಕನ್ನು ಇಳಿಸುವುದಿಲ್ಲ; ಹೊಳೆಗೆ ಆಗ ಬೇರೆಯೇ ಗುಣ. 1792ರ ನವೆಂಬರಿನಲ್ಲಿ ಜರ್ಮನ್ ಮಹಾಕವಿ ಗಯಟೆ ಫ್ರಾನ್ಸಿನ ಯುದ್ಧಭೂಮಿಯಿಂದ ಹಿಂತಿರುಗುತ್ತ ಟ್ರಿಯರಿನಲ್ಲಿ ದೋಣಿ ಹತ್ತಿ, ಬಿರುಗಾಳಿಯ ಕತ್ತಲಲ್ಲಿ ಸಿಕ್ಕಿ, ಹೇಗೋ ಜೀವ ಉಳಿಸಿಕೊಂಡು ಟ್ರಾರ್ಬಾಖ್ ಊರಿನ ದಂಡೆ ಸೇರಿದ. 1993ರ ಡಿಸೆಂಬರಿನಲ್ಲಿ ಕೊಖೆಮ್ ಮೊದಲಾದ ಊರುಗಳ ಬೀದಿಗಳನ್ನೇ ಹೊಳೆ ನುಂಗಿತು. ದಂಡೆಯ ಊರುಗಳಲ್ಲಿ ನ್ಯಾಯಾಲಯದ ಸಾಕ್ಷಿಗಳಂತೆ ನೆರೆಯ ಗೆರೆಗಳು ವರ್ಷ ಹೊತ್ತು ಗೋಡೆಗಳ ಮೇಲೆ ನಿಂತಿವೆ. ನಾವು ಸೈಕಲ್ ಹಿಡಿದು ಮೆಲ್ಲಗೆ ಹೋದೆವು. ಬಳ್ಳಿಯ ಮೇಲೆಯೇ ಹಣ್ಣು ಹೆಪ್ಪುಗಟ್ಟುವವರೆಗೆ ಕಾದು, ಸೊನ್ನೆಗಿಂತ ಏಳು ಡಿಗ್ರಿ ಕೆಳಗಿನ ಚಳಿಯಲ್ಲಿ ಕೊಯ್ದು ಹಿಂಡುವ 'ಹಿಮದ ವೈನು' ಈ ನಾಡಿನ ಹೆಮ್ಮೆ. 2019ರ ಬೆಳೆಯಲ್ಲಿ ಅಷ್ಟು ಚಳಿಯೇ ಬೀಳದೆ ಇಡೀ ಜರ್ಮನಿಯಲ್ಲಿ ಎಲ್ಲಿಯೂ ಅದು ಕೈಗೂಡಲಿಲ್ಲ. 2024ರ ಏಪ್ರಿಲಿನಲ್ಲಾದರೋ ಬೇಡದ ಹೊತ್ತಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಎಳೆಯ ಚಿಗುರನ್ನು ಸುಟ್ಟಿತು. ಋತುಗಳು ಪ್ರವಾಸಿಗೆ ಕರಪತ್ರದ ನಾಲ್ಕು ಚಿತ್ರಗಳು. ಬೆಳೆಗಾರನಿಗೆ ನಾಲ್ಕು ಸಾಲಗಾರರು.

ಎಲೆಯಿಲ್ಲದ ಆ ತಿಂಗಳಲ್ಲಿ ಬೆಟ್ಟದ ನಿಜವಾದ ಮುಖ ಕಾಣುತ್ತದೆ. ಒಂದು ತೋಟ ಒಪ್ಪವಾಗಿ ಗೂಟ ನೆಟ್ಟು ನಿಂತಿದ್ದರೆ ಅದರ ಪಕ್ಕದ್ದು ಮುಳ್ಳುಪೊದೆ. ಸುಣ್ಣ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಅಡ್ಡಗೋಡೆಗಳು ಹೊಟ್ಟೆ ಬಿಟ್ಟುಕೊಂಡಿವೆ, ಕೆಲವು ಜರಿದಿವೆ. 1990ರ ಸುಮಾರಿನಲ್ಲಿ ಮೊಸೆಲ್ ಮತ್ತು ಅದರ ಉಪನದಿಗಳ ಸೀಮೆಯಲ್ಲಿ ಹನ್ನೆರಡು ಸಾವಿರ ಹೆಕ್ಟೇರಿಗೂ ಮೇಲ್ಪಟ್ಟು ದ್ರಾಕ್ಷಿಯಿತ್ತು. ಈಗ ಒಂಬತ್ತು ಸಾವಿರಕ್ಕಿಂತ ಕಡಿಮೆ. ಹೊಸದನ್ನೂ ಕಟ್ಟಿದ್ದಾರೆ: ಊರ್ಸಿಗ್ ಹಳ್ಳಿಯ ಹತ್ತಿರ ಕಣಿವೆಯ ನೆತ್ತಿಯ ಮೇಲೆ 1.7 ಕಿಲೋಮೀಟರು ಉದ್ದದ ಮೋಟಾರು ಸೇತುವೆ 2019ರಲ್ಲಿ ತೆರೆಯಿತು. ಸುಮಾರು 160 ಮೀಟರು ಎತ್ತರ. ಅದರ ಮೇಲೆ ಹೋಗುವವನಿಗೆ ಕೆಳಗೆ ಹೊಳೆಯುಂಟೆಂದು ತಿಳಿಯುವುದರೊಳಗೆ ಹೊಳೆ ದಾಟಿರುತ್ತದೆ.

ನನ್ನ ಮನಸ್ಸಿಗೆ ಹತ್ತಿದ ಮಾತು ಇಷ್ಟು. ಹಗ್ಗ ಎಳೆದವರು ಹೋದರು, ಅವರ ಹಾದಿ ನಮ್ಮ ಸೈಕಲ್ಲಿಗೆ ಒದಗಿತು. ರೈಲು ಹೋಯಿತು, ಅದರ ಏರಿ ಒದಗಿತು. ಕುಲುಮೆ ಆರಿತು, ಅದಕ್ಕಾಗಿ ತಡೆದ ನೀರು ಕಯಾಕಿಗೆ ಒದಗಿತು. ದುಡಿಮೆ ತೆರವು ಮಾಡಿದ ಮನೆಗೆ ಮೋಜು ಬಾಡಿಗೆಗೆ ಬಂದಿದೆ, ಅದರಲ್ಲಿ ತಪ್ಪಿಲ್ಲ, ಪಾಳು ಬೀಳುವುದಕ್ಕಿಂತ ಯಾರಾದರೂ ಬಾಳುವುದು ಮೇಲು. ಆದರೆ ಬೆಟ್ಟದ ತೋಟ ಅಂಥ ಮನೆಯಲ್ಲ. ಕುದುರೆಯಿಲ್ಲದೆ ಹಾದಿ ಉಳಿಯಬಹುದು. ದುಡಿಯುವವರಿಲ್ಲದೆ ಬಳ್ಳಿಯ ಬೆಟ್ಟ ಹತ್ತು ವರ್ಷ ಉಳಿಯದು. ಅದು ಹೋದ ದಿನ ನಾವು ನೋಡಲು ಹೋಗುವುದೇನನ್ನು? ನಾನಾದರೋ ಮಾಡಬಹುದಾದದ್ದು ಸಣ್ಣದು. ಮನೆಗೆ ಉಡುಗೊರೆ ಕೊಳ್ಳುವಾಗ ಅಂಗಡಿಯ ಬದಲು ಬೆಳೆಗಾರನ ಬಾಗಿಲು ತಟ್ಟಿದೆ. ಅವನು ಹೇಳಿದ ಬೆಲೆಗೆ ಚೌಕಾಸಿ ಮಾಡಲಿಲ್ಲ. ನನ್ನ ಮಗ ಇದನ್ನು ನಂಬಲಿಲ್ಲ.

ಆ ಜನವರಿಯ ಸಂಜೆ ತಿರುಗಿ ಬರುವಾಗ ಹಗ್ಗದ ಹಾದಿಯಲ್ಲಿ ನಾವಲ್ಲದೆ ಯಾರೂ ಇರಲಿಲ್ಲ. ಇಡೀ ಬೆಟ್ಟಕ್ಕೆ ಒಬ್ಬನೇ ಮನುಷ್ಯ, ಬಳ್ಳಿ ಸವರುತ್ತಿದ್ದ. ಕತ್ತರಿಯ ಸದ್ದು ಕೆಳಗಿನವರೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಹಾಸ್ಯ ಮಾಡಿ ಕೂಗುವ ಮನಸ್ಸಾಗಲಿಲ್ಲ. ಸೈಕಲ್ಲಿನ ಗಂಟೆಯನ್ನು ಎರಡು ಸಲ ಬಾರಿಸಿದೆ. ಕತ್ತರಿಯ ಸದ್ದು ನಿಂತಿತು. ಮೇಲಿನಿಂದ ಒಂದು ಕೂಗು ಬಂತು. ಏನೆಂದನೋ ತಿಳಿಯಲಿಲ್ಲ. ಅಲ್ಲಿ ಕೂಗುವವನೊಬ್ಬ ಇದ್ದ, ಅಷ್ಟೇ ಸಾಕಾಗಿತ್ತು.